ಅಶ್ಮರಿಯ ಶಸ್ತ್ರಕ್ರಿಯೆ: ಗ್ರಂಥವೂ ಕೈಯೂ

ಕೆಳದಿಯ ಅರಸು ಬಸವಪ್ಪನಾಯಕನು 1709ರಲ್ಲಿ ಪೂರ್ಣಗೊಳಿಸಿದ 'ಶಿವತತ್ತ್ವರತ್ನಾಕರ'ವು ಒಂಬತ್ತು ಕಲ್ಲೋಲಗಳೂ ನೂರೆಂಟು ತರಂಗಗಳೂ ಉಳ್ಳ ಸಂಸ್ಕೃತ ವಿಶ್ವಕೋಶ. ತಂದೆಯು ಮಗ ಸೋಮಶೇಖರನಿಗೆ ಹೇಳುವ ಮಾತಿನ ರೂಪದಲ್ಲಿರುವ ಈ ಗ್ರಂಥದಲ್ಲಿ ರಾಜನೀತಿ, ಸಂಗೀತ, ಪಾಕ ಮೊದಲಾದವುಗಳ ಸಾಲಿನಲ್ಲಿ ಆಯುರ್ವೇದವೂ ಸ್ಥಾನ ಪಡೆದಿದೆ. ಬಿದನೂರಿನ ಗದ್ದುಗೆಯ ಮೇಲೆ ಕುಳಿತು ಕರಾವಳಿಯನ್ನೂ ಮಲೆನಾಡನ್ನೂ ಆಳಬೇಕಾದ ರಾಜಕುಮಾರನಿಗೆ ವೈದ್ಯಶಾಸ್ತ್ರದ ಗೊಡವೆ ಏತಕ್ಕೆ ಎಂದು ಇಂದಿನ ವಾಚಕರು ಕೇಳಬಹುದು. ಅರಸನಾದವನು ತನ್ನ ಆರೋಗ್ಯವನ್ನು ಕಾಪಾಡಿಕೊಳ್ಳಬೇಕೆಂಬುದು ಒಂದು ಉತ್ತರ. ಇನ್ನೊಂದು ಉತ್ತರ ಸುಶ್ರುತ ಸಂಹಿತೆಯಲ್ಲಿದೆ. ಮೂತ್ರಾಶಯದ ಕಲ್ಲನ್ನು ಕೊಯ್ದು ತೆಗೆಯುವ ಮೊದಲು ವೈದ್ಯನು ಪ್ರಭುವಿನ ಅಪ್ಪಣೆ ಪಡೆಯಬೇಕೆಂದು ಅಲ್ಲಿ ಸ್ಪಷ್ಟವಾಗಿ ವಿಧಿಸಲಾಗಿದೆ. ಅಪ್ಪಣೆ ಕೊಡುವವನು ಏನನ್ನು ಒಪ್ಪುತ್ತಿದ್ದೇನೆಂಬುದನ್ನು ಅಷ್ಟಿಷ್ಟಾದರೂ ಬಲ್ಲವನಾಗಿರಬೇಕಷ್ಟೆ.

ಈ ರೋಗಕ್ಕೆ ಶಾಸ್ತ್ರದಲ್ಲಿ ಅಶ್ಮರಿ ಎಂದು ಹೆಸರು, ಅಶ್ಮವೆಂದರೆ ಕಲ್ಲು. ವಾತವ್ಯಾಧಿ, ಪ್ರಮೇಹ, ಕುಷ್ಠ, ಮೂಲವ್ಯಾಧಿ, ಭಗಂದರ, ಮೂಢಗರ್ಭ, ಉದರಗಳೊಡನೆ ಇದನ್ನೂ ಸೇರಿಸಿ ಸುಶ್ರುತನು ಎಂಟು ಮಹಾರೋಗಗಳನ್ನು ಎಣಿಸಿದ್ದಾನೆ. ಹೊಸ ಗಡಿಗೆಯಲ್ಲಿ ತುಂಬಿಟ್ಟ ತಿಳಿನೀರಿನ ತಳದಲ್ಲಿಯೂ ಕಾಲಕ್ರಮದಲ್ಲಿ ಕೆಸರು ನಿಲ್ಲುವಂತೆ ಮೂತ್ರಾಶಯದಲ್ಲಿ ಕಲ್ಲು ಕಟ್ಟುತ್ತದೆಂಬುದು ಅವನು ಕೊಟ್ಟ ಹೋಲಿಕೆ. ಕಫ, ಪಿತ್ತ, ವಾತ, ಶುಕ್ರಗಳಿಂದ ಹುಟ್ಟುವ ನಾಲ್ಕು ಬಗೆಗಳನ್ನು ಹೇಳಿ, ಮೊದಲ ಮೂರು ವಿಶೇಷವಾಗಿ ಮಕ್ಕಳಿಗೆ ಬರುತ್ತವೆ ಎನ್ನುತ್ತಾನೆ. ಮಕ್ಕಳ ಮೂತ್ರಾಶಯ ಚಿಕ್ಕದು, ಸುತ್ತಲಿನ ಮಾಂಸವೂ ತೆಳು. ಆದುದರಿಂದ ಕಲ್ಲನ್ನು ಹಿಡಿಯುವುದೂ ತೆಗೆಯುವುದೂ ಸುಲಭವೆಂದು ಕೂಡಲೇ ಸೇರಿಸುತ್ತಾನೆ. ಇದು ಓದಿನಿಂದ ಬಂದ ಮಾತಲ್ಲ. ಬೆರಳು ತಿಳಿಸಿದ ಮಾತು.

ಮೊದಲೇ ಶಸ್ತ್ರವನ್ನೆತ್ತುವ ಆತುರ ಈ ಗ್ರಂಥಕ್ಕಿಲ್ಲ. ರೋಗ ಎಳೆಯದಿದ್ದಾಗ ಔಷಧದಿಂದ ಗುಣವಾಗುತ್ತದೆ, ಬಲಿತ ಮೇಲೆ ಕೊಯ್ಯಲೇಬೇಕಾಗುತ್ತದೆ ಎಂಬುದು ಅದರ ನಿಲುವು. ಪಾಷಾಣಭೇದಿ, ನೆಗ್ಗಿಲು, ವರುಣ ಮರದ ತೊಗಟೆ ಮುಂತಾದವನ್ನು ಹಾಕಿ ಕಾಯಿಸಿದ ತುಪ್ಪ, ಕ್ಷಾರ, ಕಷಾಯ, ಉತ್ತರಬಸ್ತಿ ಇವೆಲ್ಲವೂ ಮುಂಚೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಇಂದಿಗೂ ಹುರುಳಿಕಟ್ಟು, ಬಾಳೆದಿಂಡಿನ ಪಲ್ಯಗಳಿಗೆ ಕಲ್ಲು ಕರಗಿಸುವ ಗುಣವುಂಟೆಂದು ನಂಬುವುದು ಇದೇ ದಾರಿಯ ಮುಂದುವರಿಕೆ. ಇವು ಯಾವುದಕ್ಕೂ ಕಲ್ಲು ಜಗ್ಗದಿದ್ದಾಗ ಮಾತ್ರ ಶಸ್ತ್ರದ ಮಾತು. ಅಲ್ಲಿಯೂ ಸುಶ್ರುತನು ಹಿಂಜರಿಕೆಯನ್ನು ಮರೆಮಾಚುವುದಿಲ್ಲ: ಕುಶಲನಾದ ವೈದ್ಯನ ಕೈಯಲ್ಲಿಯೂ ಫಲ ಅನಿಶ್ಚಿತ; ಆದರೆ ಸುಮ್ಮನೆ ಬಿಟ್ಟರೆ ಸಾವು ನಿಶ್ಚಿತ. ಈ ಎರಡನ್ನೂ ತೂಗಿ ನೋಡಿ, ಪ್ರಭುವಿಗೆ ಅರಿಕೆ ಮಾಡಿಕೊಂಡ ತರುವಾಯವೇ ಕೈಹಚ್ಚಬೇಕು.

ಸಿದ್ಧತೆಯ ವಿವರವನ್ನು ನೋಡಬೇಕು. ರೋಗಿಗೆ ಸ್ನೇಹಪಾನ ಮಾಡಿಸಿ, ಶೋಧನ ಕೊಟ್ಟು, ಮೈ ಸ್ವಲ್ಪ ಇಳಿಯುವಂತೆ ಮಾಡುತ್ತಾರೆ. ಎಣ್ಣೆ ಹಚ್ಚಿ ಶಾಖ ಕೊಟ್ಟು, ಊಟ ಮಾಡಿಸಿ, ಸ್ವಸ್ತಿವಾಚನಾದಿಗಳನ್ನು ನಡೆಸಿ, ಬೇಕಾದ ಉಪಕರಣಗಳನ್ನೆಲ್ಲ ಮುಂಚಿತವಾಗಿ ಒಟ್ಟುಮಾಡಿ, ರೋಗಿಗೆ ಧೈರ್ಯ ಹೇಳುತ್ತಾರೆ. ಧೈರ್ಯ ಹೇಳುವುದೂ ವಿಧಿಯ ಒಂದು ಅಂಗವೆಂಬುದು ಗಮನಾರ್ಹ. ಮೊಣಕಾಲೆತ್ತರದ ಹಲಗೆಯ ಮೇಲೆ ಬಲಿಷ್ಠನೂ ಗಾಬರಿಗೊಳ್ಳದವನೂ ಆದ ಒಬ್ಬನು ಕುಳಿತುಕೊಳ್ಳಬೇಕು. ಅವನ ತೊಡೆಯ ಮೇಲೆ ಮೈಯ ಮೇಲ್ಭಾಗ ಬರುವಂತೆ ರೋಗಿಯನ್ನು ಅಂಗಾತ ಮಲಗಿಸಿ, ಸೊಂಟದಡಿಗೆ ಬಟ್ಟೆಯ ಒತ್ತುಗೊಟ್ಟು ಎತ್ತರಿಸಿ, ಮೊಣಕಾಲು ಮೊಣಕೈಗಳನ್ನು ಮಡಿಸಿ ಪಟ್ಟಿಯಿಂದ ಕಟ್ಟಬೇಕು. ಅರಿವಳಿಕೆಯಿಲ್ಲದ ಕಾಲದಲ್ಲಿ ಆ ತೊಡೆಯ ಆಸರೆಯೇ ರೋಗಿಗೆ ದೊರೆಯುತ್ತಿದ್ದ ಸಮಾಧಾನ.

ತರುವಾಯ ಹೊಕ್ಕುಳಿನ ಎಡಬದಿಯನ್ನು ಎಣ್ಣೆಯಿಂದ ತಿಕ್ಕಿ, ಮುಷ್ಟಿಯಿಂದ ಒತ್ತಿ, ಕಲ್ಲು ಕೆಳಗಿಳಿಯುವಂತೆ ಮಾಡಬೇಕು. ಉಗುರು ಕತ್ತರಿಸಿ ಎಣ್ಣೆ ಸವರಿದ ಎಡಗೈಯ ತೋರುಬೆರಳು ನಡುಬೆರಳುಗಳನ್ನು ಗುದದ್ವಾರದಿಂದ ಒಳತೂರಿಸಿ, ಸೀವನಿಯ ಜಾಡು ಹಿಡಿದು, ಕಲ್ಲನ್ನು ಗುದಕ್ಕೂ ಲಿಂಗಕ್ಕೂ ನಡುವಣ ಎಡೆಗೆ ತಂದು, ಅದು ಗಂಟಿನಂತೆ ಉಬ್ಬಿ ನಿಲ್ಲುವಷ್ಟು ಒತ್ತಬೇಕು. ಇಲ್ಲಿ ಗ್ರಂಥಕಾರನು ಕೆಲಸವನ್ನು ಒಂದು ಕ್ಷಣ ತಡೆಯುತ್ತಾನೆ. ಕಲ್ಲು ಕೈಗೆ ಸಿಕ್ಕೊಡನೆ ರೋಗಿಯ ಕಣ್ಣು ನಟ್ಟು, ಪ್ರಜ್ಞೆ ತಪ್ಪಿ, ತಲೆ ಜೋತು, ಸತ್ತವನಂತೆ ನಿಶ್ಚೇಷ್ಟಿತನಾದರೆ ಮುಂದುವರಿಯಲಾಗದು. ಅಂಥವನಿಗೆ ಶಸ್ತ್ರವಿಟ್ಟರೆ ಉಳಿಯನು. ಈ ಲಕ್ಷಣಗಳಿಲ್ಲದವನಿಗೆ ಮಾತ್ರ ಸೀವನಿಯ ಎಡಕ್ಕೆ, ಅದರಿಂದ ಒಂದು ಯವೆಯಷ್ಟು ದೂರ ಬಿಟ್ಟು, ಕಲ್ಲಿನ ಅಳತೆಗೆ ತಕ್ಕಂತೆ ಕೊಯ್ಯಬೇಕು. ಕೆಲವರು ಕೈಯ ಅನುಕೂಲಕ್ಕಾಗಿ ಬಲಬದಿಯನ್ನು ಆರಿಸುತ್ತಾರೆಂದು ಬೇರೆಯವರ ಮತವನ್ನೂ ದಾಖಲಿಸಿದ್ದಾನೆ. ಕಲ್ಲು ಒಡೆಯಬಾರದು, ಪುಡಿಯಾಗಬಾರದು. ಚೂರು ಉಳಿದರೂ ಮತ್ತೆ ಬೆಳೆಯುತ್ತದೆ. ಆದುದರಿಂದ ತುದಿ ಬಾಗಿದ ಉಪಕರಣದಿಂದ ಇಡಿಯಾಗಿ ಹೊರತೆಗೆಯಬೇಕು. ಹೆಂಗಸರಲ್ಲಿ ಗರ್ಭಾಶಯವು ಮೂತ್ರಾಶಯಕ್ಕೆ ಹತ್ತಿರವಿರುವುದರಿಂದ ಕೊಯ್ಯುವ ರೀತಿಯೇ ಬೇರೆ; ತಪ್ಪಿದರೆ ಮೂತ್ರ ಸುರಿಯುವ ವ್ರಣ ಉಳಿದುಬಿಡುತ್ತದೆ. ಸೀವನಿ, ಶುಕ್ರವಾಹಿನಿ, ವೃಷಣ, ಗುದ, ಮೂತ್ರಾಶಯ ಮೊದಲಾದ ಎಂಟು ಎಡೆಗಳನ್ನು ಹೆಸರಿಸಿ, ಅವುಗಳಲ್ಲಿ ಯಾವುದಕ್ಕೆ ಪೆಟ್ಟಾದರೆ ಯಾವ ಕೇಡೆಂಬುದನ್ನು ಅಧ್ಯಾಯದ ಕೊನೆಯಲ್ಲಿ ಹೇಳಲಾಗಿದೆ. ಈ ಕೇಡುಗಳನ್ನು ಕಣ್ಣಾರೆ ಕಂಡವರಿಲ್ಲದೆ ಇಂತಹ ಪಟ್ಟಿ ಸಿದ್ಧವಾಗುತ್ತಿರಲಿಲ್ಲ.

ಕಲ್ಲು ಹೊರಬಂದ ಮೇಲಿನ ಆರೈಕೆಗೆ ಗ್ರಂಥವು ಕೊಡುವ ಗಮನ ಶಸ್ತ್ರಕ್ಕೆ ಕೊಡುವ ಗಮನಕ್ಕಿಂತ ಕಡಿಮೆಯಲ್ಲ. ರೋಗಿಯನ್ನು ಬಿಸಿನೀರಿನ ದೋಣಿಯಲ್ಲಿ ಕುಳ್ಳಿರಿಸುವುದು ಮೂತ್ರಾಶಯದಲ್ಲಿ ರಕ್ತ ತುಂಬದಿರಲೆಂದು. ತುಂಬಿದರೆ ಆಲ, ಅತ್ತಿ ಮುಂತಾದ ಹಾಲುಮರಗಳ ಕಷಾಯವನ್ನು ನಳಿಕೆಯಿಂದ ಒಳಗೆ ಹಾಯಿಸಿ ತೊಳೆಯಬೇಕು. ಮೂತ್ರಮಾರ್ಗದ ಶುದ್ಧಿಗೆ ಬೆಲ್ಲ. ಗಾಯಕ್ಕೆ ಜೇನು, ತುಪ್ಪ. ಮೂರು ದಿನ ಬೆಳಿಗ್ಗೆ ಸಂಜೆ ತುಪ್ಪ ಬೆರೆಸಿದ ಬಿಸಿಗಂಜಿ. ಆಮೇಲೆ ಹತ್ತು ದಿನ ಬೆಲ್ಲ ಹೆಚ್ಚಾಗಿ ಹಾಕಿದ ಹಾಲಿನೊಡನೆ ಮೆತ್ತನೆಯ ಅನ್ನ, ಅದೂ ಸ್ವಲ್ಪ. ಅನಂತರ ಹುಳಿಹಣ್ಣಿನ ರಸ ಮತ್ತು ಮಾಂಸರಸ. ಏಳು ದಿನ ಕಳೆದರೂ ಮೂತ್ರವು ಗಾಯದಿಂದಲೇ ಹರಿಯುತ್ತಿದ್ದು ತನ್ನ ದಾರಿಗೆ ಬರದಿದ್ದರೆ ಗಾಯವನ್ನು ಬೆಂಕಿಯಿಂದ ಸುಡಬೇಕು. ಗಾಯ ಮಾಗಿದ ಮೇಲೆಯೂ ಒಂದು ವರ್ಷ ಸ್ತ್ರೀಸಂಗವಿಲ್ಲ, ಕುದುರೆ, ಆನೆ, ರಥ, ಬೆಟ್ಟ, ಮರ ಯಾವುದನ್ನೂ ಏರಕೂಡದು, ಈಜಕೂಡದು, ಜಡವಾದ ಆಹಾರ ತಿನ್ನಕೂಡದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆಯ ಸೀಮೆಯಲ್ಲಿ ಮರವನ್ನೂ ಗುಡ್ಡವನ್ನೂ ವರ್ಷವಿಡೀ ಹತ್ತಬಾರದೆಂದರೆ ಕೊನೆ ಕೊಯ್ಯುವವನ ಒಂದು ವರ್ಷದ ಅನ್ನಕ್ಕೇ ಸಂಚಕಾರ. ಪಥ್ಯವನ್ನು ಬರೆಯುವುದು ಸುಲಭ. ಪಾಲಿಸಬೇಕಾದವನ ಹಿಂದೆ ಒಂದು ಮನೆತನವಾದರೂ ನಿಂತಿರಬೇಕು.

ಈ ಪಥ್ಯದಲ್ಲಿ ಕನ್ನಡ ನಾಡಿನ ವೈದ್ಯರಿಗೆ ತೊಡಕಾಗಿ ಕಂಡ ಅಂಶವೊಂದಿತ್ತು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯನು 'ಕಲ್ಯಾಣಕಾರಕ'ವನ್ನು ರಚಿಸಿ, ಔಷಧವಾಗಿಯೂ ಮಾಂಸ ಸಲ್ಲದೆಂದು ವಾದಿಸಿದನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದ ಪೂಜ್ಯಪಾದರ 'ಕಲ್ಯಾಣಕಾರಕ'ದಲ್ಲಿಯೂ ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯೇ ಇರುವುದು. ಸುಶ್ರುತನ ಜೇನು ಮತ್ತು ಮಾಂಸರಸಗಳನ್ನು ಹೀಗೆ ಬದಲಿಸಲು ನಮ್ಮವರಿಗೆ ಧೈರ್ಯವಿತ್ತು. ಪ್ರಾಚೀನ ಗ್ರಂಥವನ್ನು ಕುರುಡಾಗಿ ನಕಲು ಮಾಡಿದರೆಂಬ ಆಕ್ಷೇಪ ಇವರಿಗೆ ಸಲ್ಲದು.

ಆದರೆ ಬದಲಿಸಲಾಗದ ಒಂದು ವಸ್ತುವಿದೆ. ಅದೇ ಕೈಯ ಪಳಗಿಕೆ. ಸುಶ್ರುತನು ಶಿಷ್ಯರಿಗೆ ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ತವನ್ನೂ, ನೀರು ಕೆಸರು ತುಂಬಿದ ತೊಗಲ ಚೀಲ ಮತ್ತು ಪ್ರಾಣಿಗಳ ಮೂತ್ರಾಶಯಗಳ ಮೇಲೆ ಭೇದನವನ್ನೂ ಕಲಿಸಬೇಕೆನ್ನುತ್ತಾನೆ. ಗ್ರಂಥ ಮಾತ್ರ ಬಲ್ಲವನೂ ಕೆಲಸ ಮಾತ್ರ ಬಲ್ಲವನೂ ಒಂದೇ ರೆಕ್ಕೆಯ ಹಕ್ಕಿಗಳೆಂಬುದು ಅವನ ತೀರ್ಮಾನ. ಕಾಯಕವನ್ನು ಮೇಲೆತ್ತಿದ ಹನ್ನೆರಡನೆಯ ಶತಮಾನದ ಶರಣರ ನಡುವೆ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ರೋಗ, ಧಾತು, ಔಷಧಗಳ ಪರಿಭಾಷೆ ಅವನ ವಚನಗಳಲ್ಲಿ ಅನುಭಾವದ ಭಾಷೆಯಾಗಿದೆ. ಅಂತಹ ಕಾಯಕಜೀವಿಗೆ ಈ ಹಕ್ಕಿಯ ಹೋಲಿಕೆ ವಿವರಿಸಿ ಹೇಳಬೇಕಾಗಿರಲಿಲ್ಲ. ಪಂಡಿತ ಪರಂಪರೆ ಮಾತ್ರ ಬರಬರುತ್ತ ಒಂದು ರೆಕ್ಕೆಯನ್ನು ಕಳೆದುಕೊಂಡಿತು. ವಾಗ್ಭಟನು 'ಅಷ್ಟಾಂಗಹೃದಯ'ದಲ್ಲಿ ಅಶ್ಮರಿಯ ಶಸ್ತ್ರಕ್ರಿಯೆಯನ್ನು ಸಂಗ್ರಹಿಸಿದನು. ಅದನ್ನು ಶತಮಾನಗಳ ಕಾಲ ಕಂಠಪಾಠ ಮಾಡಿದರು. ಆದರೆ ರಕ್ತ, ಕೀವು, ಮಲಗಳನ್ನು ಮುಟ್ಟುವ ಕೆಲಸ ಮಡಿಯ ಮನೆಗಳಿಂದ ದೂರವಾಯಿತು. ಕಂಠಪಾಠಕ್ಕೆ ಬೆರಳ ತುದಿಯ ಅರಿವನ್ನು ಉಳಿಸಿಕೊಳ್ಳುವ ಶಕ್ತಿಯಿಲ್ಲ.

ಹಾಗಾದರೆ ಆ ಕೈ ಎಲ್ಲಿಗೆ ಹೋಯಿತು? ಮೈಸೂರಿನ ಯುದ್ಧಕ್ಕೆ ಸಂಬಂಧಿಸಿದ ಒಂದು ಪ್ರಸಂಗ ಸುಳಿವು ಕೊಡುತ್ತದೆ. 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನಲ್ಲಿದ್ದ ಕೌವಾಸ್‌ಜಿ ಎಂಬ ಎತ್ತಿನ ಗಾಡಿಯವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಸಮೀಪದಲ್ಲಿ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕೂಡಿಸಲಾಯಿತು. ಮಾಡಿದವನು ಇಟ್ಟಿಗೆ ಮಾಡುವ ಕುಲದವನು. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆ ಇದನ್ನು ಚಿತ್ರಸಹಿತ ಪ್ರಕಟಿಸಿದ ಮೇಲೆ ಯುರೋಪಿನ ಶಸ್ತ್ರವೈದ್ಯರು ಬೆರಗಾದರು. ಇದು ಮೂಗಿನ ಕತೆ, ಕಲ್ಲಿನದಲ್ಲ. ಆದರೂ ಪಂಡಿತರು ಬಿಟ್ಟ ಶಸ್ತ್ರವು ಮಣ್ಣು ಕಲಸುವ ಕೈಗಳಲ್ಲಿ ಬದುಕಿತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ.

ಪಶ್ಚಿಮದಲ್ಲಿಯೂ ಕತೆ ಬಹಳ ಬೇರೆಯಲ್ಲ. ಹಿಪೊಕ್ರಾಟಿಸನ ಹೆಸರಿನ ಪ್ರತಿಜ್ಞೆಯಲ್ಲಿ ವೈದ್ಯನು ತಾನು ಕಲ್ಲು ಕೊಯ್ಯುವುದಿಲ್ಲ, ಆ ಕೆಲಸ ಬಲ್ಲವರಿಗೆ ಬಿಡುತ್ತೇನೆಂದು ಹೇಳಬೇಕಾಗಿತ್ತು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮಿನ ಸೆಲ್ಸಸನು ವರ್ಣಿಸಿದ ಕ್ರಮದಲ್ಲಿಯೂ ಬಲಿಷ್ಠನ ತೊಡೆ, ಎಡಗೈಯ ಎರಡು ಬೆರಳು, ಗುದದ ಮುಂಭಾಗದ ಕೊಯ್ತ ಇವೆ. ಯಾರು ಯಾರಿಂದ ಕಲಿತರೆಂದು ವಿದ್ವಾಂಸರು ಜಗಳವಾಡಿದ್ದುಂಟು. ದೇಹದ ರಚನೆ ಎಲ್ಲೆಡೆಯೂ ಒಂದೇ ಆದುದರಿಂದ ಎರಡು ಕೈಗಳು ಒಂದೇ ದಾರಿಯನ್ನು ಕಂಡುಕೊಂಡಿದ್ದರೆ ಸೋಜಿಗವಿಲ್ಲವೆಂಬುದು ನನ್ನ ಎಣಿಕೆ. ಇಂಗ್ಲೆಂಡಿನ ಸ್ಯಾಮ್ಯುಯಲ್ ಪೀಪ್ಸನು 1658ರ ಮಾರ್ಚ್ 26ರಂದು ಕಲ್ಲು ತೆಗೆಸಿಕೊಂಡು ಬದುಕುಳಿದು, ಆ ದಿನವನ್ನು ವರ್ಷವರ್ಷವೂ ಹಬ್ಬದಂತೆ ನೆನೆಯುತ್ತಿದ್ದನು. 1727ರ ಸುಮಾರಿಗೆ ಚೆಸೆಲ್ಡನ್ನನು ಪಕ್ಕದಿಂದ ಕೊಯ್ದು ಒಂದೆರಡು ನಿಮಿಷಗಳಲ್ಲಿ ಕಲ್ಲು ತೆಗೆಯುತ್ತಿದ್ದನು. ಅರಿವಳಿಕೆಯಿಲ್ಲದಾಗ ಬೇಗ ಮುಗಿಸುವುದೇ ಕರುಣೆ. 1824ರಲ್ಲಿ ಪ್ಯಾರಿಸಿನ ಸಿವಿಯಾಲನು ಕೊಯ್ಯದೆಯೇ ಮೂತ್ರಮಾರ್ಗದಿಂದ ಉಪಕರಣವನ್ನಿಳಿಸಿ ಕಲ್ಲನ್ನು ಒಡೆದನು. 1846ರಲ್ಲಿ ಈಥರ್ ಬಂದಿತು. 1878ರಲ್ಲಿ ಅಮೆರಿಕದ ಬಿಗೆಲೋ ಒಡೆದ ಚೂರುಗಳನ್ನು ಒಂದೇ ಸಲಕ್ಕೆ ತೊಳೆದು ಹೀರುವ ಕ್ರಮವನ್ನು ರೂಢಿಸಿದನು. ಕಲ್ಲು ಚೂರಾಗಬಾರದೆಂಬ ಸುಶ್ರುತನ ಕಟ್ಟಳೆ ಅಂದಿಗೆ ಸಡಿಲವಾಯಿತು. ಚೂರು ಉಳಿಯಬಾರದೆಂಬ ಕಟ್ಟಳೆ ಸಡಿಲವಾಗಲಿಲ್ಲ.

ರೋಗದ ಕಾರಣದ ವಿಷಯದಲ್ಲಿ ಮಾತ್ರ ಸುಶ್ರುತನನ್ನು ಒಪ್ಪುವುದು ಕಷ್ಟ. ಸಿಹಿ, ಜಿಡ್ಡು, ಜಡ ಆಹಾರಗಳೂ ಹಗಲುನಿದ್ದೆಯೂ ಮಕ್ಕಳಲ್ಲಿ ಕಲ್ಲನ್ನು ಹುಟ್ಟಿಸುತ್ತವೆ ಎಂದು ಅವನ ಮತ. ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ನನು 1920ರ ಮತ್ತು 1930ರ ದಶಕಗಳಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ಹಿಟ್ಟೇ ಪ್ರಧಾನವಾದ ಸತ್ತ್ವಹೀನ ಆಹಾರದಿಂದ ಕಲ್ಲು ಬೆಳೆಯುವುದನ್ನೂ, ಹಾಲು ಸೇರಿಸಿದರೆ ತಪ್ಪುವುದನ್ನೂ ತೋರಿಸಿದನು. ಮಕ್ಕಳ ಮೂತ್ರಾಶಯದ ಕಲ್ಲು ಬಡತನದ ರೋಗವೇ ಹೊರತು ಭೋಗದ ರೋಗವಲ್ಲ. ಆಹಾರ ಸುಧಾರಿಸಿದ ನಾಡುಗಳಲ್ಲಿ ಅದು ಅಪರೂಪವಾಯಿತು. ಇಂದು ಈ ಕಲ್ಲು ಹೆಚ್ಚಾಗಿ ಕಾಣುವುದು ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಪೂರ್ತಿ ಖಾಲಿಯಾಗದ ವಯಸ್ಸಾದ ಗಂಡಸರಲ್ಲಿ. ಗಡಿಗೆಯ ನಿಂತ ನೀರಿನ ಹೋಲಿಕೆ ಇವರಿಗೆ ಚೆನ್ನಾಗಿ ಒಪ್ಪುತ್ತದೆ.

ಅಂಥವರಿಗೆ ಈಗ ಸೊಂಟದ ಕೆಳಭಾಗ ಮಾತ್ರ ಮರಗಟ್ಟುವಂತೆ ಬೆನ್ನಿಗೆ ಅರಿವಳಿಕೆ ಕೊಟ್ಟು, ಮೂತ್ರಮಾರ್ಗದಿಂದ ದರ್ಶಕ ನಳಿಕೆಯನ್ನಿಳಿಸಿ, ಲೇಸರ್ ಕಿರಣದಿಂದಲೋ ಯಂತ್ರದ ಕುಟ್ಟುವಿಕೆಯಿಂದಲೋ ಕಲ್ಲನ್ನು ಪುಡಿಮಾಡಿ ತೊಳೆದು ತೆಗೆಯುತ್ತಾರೆ. ಕಲ್ಲು ತೀರ ದೊಡ್ಡದಿದ್ದರೆ ಕಿಬ್ಬೊಟ್ಟೆಯ ಮೇಲಿನಿಂದ ಕೊಯ್ಯುವುದುಂಟು; ಗುದದ ಮುಂಭಾಗದ ಹಳೆಯ ದಾರಿಯನ್ನು ಬಹುಮಟ್ಟಿಗೆ ಕೈಬಿಡಲಾಗಿದೆ. ಕೆಲಸ ಮುಗಿದ ಮೇಲೆ ಮೂತ್ರ ಹರಿದುಹೋಗಲು ರಬ್ಬರಿನ ನಳಿಕೆಯನ್ನಿಟ್ಟು, ರಕ್ತ ಹೆಪ್ಪುಗಟ್ಟಿ ತುಂಬದಂತೆ ನೋಡಿಕೊಳ್ಳುತ್ತಾರೆ. ನಳಿಕೆಯನ್ನು ತೆಗೆದ ದಿನ ವೈದ್ಯರು ರೋಗಿಯನ್ನು ಮೊದಲು ಕೇಳುವುದು ಸುಶ್ರುತನು ಏಳನೆಯ ದಿನಕ್ಕೆ ಗೊತ್ತುಮಾಡಿದ್ದ ಪ್ರಶ್ನೆಯನ್ನೇ: ಮೂತ್ರ ತನ್ನ ದಾರಿಯಲ್ಲಿ ತಾನಾಗಿ ಬಂದಿತೇ?