ಹಲ್ಲಿನ ಅಲಂಕಾರ: ಹಾವೇರಿ ಸೀಮೆ

ಚಂದಕ್ಕಾಗಿ ಹಲ್ಲಿಗೆ ಬಣ್ಣ ಕಟ್ಟುವುದೂ ಅದರ ಆಕಾರ ತಿದ್ದುವುದೂ ಹಳೆಯ ರೂಢಿಗಳೇ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಮಟ್ಟಿಗೆ ಬಣ್ಣದ ಕಥೆಯೇ ದೊಡ್ಡದು.

ಹಾನಗಲ್ಲ ಕದಂಬರ ಅಧಿರಾಜನಾಗಿದ್ದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ತಾಂಬೂಲವನ್ನು ಅರಸನ ಭೋಗಗಳಲ್ಲೊಂದಾಗಿ ಎಣಿಸುತ್ತದೆ. ಸವಣೂರಿನ ಎಲೆಗೆ ಇಂದಿಗೂ ಹೆಸರಿದೆ. ಅಡಿಕೆಯ ಒಗರು ಸುಣ್ಣದೊಡನೆ ಬೆರೆತು ಕೆಂಪಾಗುತ್ತದೆ. ಆ ಕೆಂಪು ತುಟಿಗೆ ರಂಗು, ಹಲ್ಲಿಗೆ ಕಲೆ. ದಖ್ಖನಿನ ಮುಸ್ಲಿಂ ಹೆಂಗಸರು ಹಚ್ಚುತ್ತಿದ್ದ ಮಿಸ್ಸಿ ಮಾತ್ರ ಬೇಕೆಂದೇ ಹಲ್ಲು ಕಪ್ಪಾಗಿಸುವ ಪುಡಿ. ಅದರಲ್ಲಿನ ಕಬ್ಬಿಣದ ಅಂಶ ಕಾಯಿಗಳ ಒಗರಿನೊಡನೆ ಕೂಡಿ ಹಳೆಯ ಕಾಲದ ಬರವಣಿಗೆ ಮಸಿಯಂತೆಯೇ ಕಪ್ಪಾಗುತ್ತಿತ್ತು. ನವಾಬರ ಸವಣೂರೂ ಆ ದಖ್ಖನಿ ಬದುಕಿಗೆ ಸೇರಿದ ಊರೇ. ಬಿಳಿ ಹಲ್ಲೇ ಚಂದವೆಂಬುದು ಎಲ್ಲ ಕಾಲದ, ಎಲ್ಲ ಮನೆಗಳ ಮಾತಾಗಿರಲಿಲ್ಲ.

ಹಲ್ಲನ್ನೇ ಕೆತ್ತುವ ಪದ್ಧತಿಗೆ ದಕ್ಷಿಣ ಭಾರತದ ಪ್ರಸಿದ್ಧ ಉದಾಹರಣೆ ಆನೆಮಲೆಯ ಕಾಡರ್ ಬುಡಕಟ್ಟು. ಅವರು ಮುಂದಿನ ಹಲ್ಲುಗಳನ್ನು ಉಳಿ, ಅರದಿಂದ ಚೂಪು ಮಾಡುತ್ತಿದ್ದುದನ್ನು ಜನಾಂಗಶಾಸ್ತ್ರಜ್ಞ ಎಡ್ಗರ್ ಥರ್ಸ್ಟನ್ 1909ರಲ್ಲಿ ದಾಖಲಿಸಿದ್ದಾನೆ.

ವೈದ್ಯರ ಕೈಯಲ್ಲಿ ಆಕಾರ ತಿದ್ದಿಸುವ ಅನುಕೂಲ ಹಾವೇರಿ ಸೀಮೆಗೆ ಹತ್ತಿರವಾದದ್ದು ದಂತ ಕಾಲೇಜುಗಳು ಬಂದ ಮೇಲೆ. ದಾವಣಗೆರೆಯ ಬಾಪೂಜಿ ಕಾಲೇಜು 1979ರಲ್ಲಿ, ಧಾರವಾಡದ ಎಸ್‌ಡಿಎಂ 1986ರಲ್ಲಿ ಶುರುವಾದವು. ಚಿಕಿತ್ಸೆ ಸರಳ: ಉದ್ದವಾದ, ಮೊನಚಾದ, ಅಂಚು ಮುಕ್ಕಾದ ಹಲ್ಲಿನ ಎನಾಮಲ್ಲನ್ನು ಕೂದಲೆಳೆಯಷ್ಟು ಉಜ್ಜಿ ನಯಗೊಳಿಸುತ್ತಾರೆ. ಕೊರತೆಯಿದ್ದಲ್ಲಿ ಹಲ್ಲಿನ ಬಣ್ಣದ ಕಾಂಪೋಸಿಟ್ ರಾಳ ಹಚ್ಚಿ ತುಂಬುತ್ತಾರೆ. ಆಮ್ಲ ಸವರಿದ ಎನಾಮಲ್‌ಗೆ ರಾಳ ಗಟ್ಟಿಯಾಗಿ ಅಂಟುತ್ತದೆಂದು ಅಮೆರಿಕದ ಮೈಕೆಲ್ ಬ್ಯೂನೊಕೋರ್ 1955ರಲ್ಲಿ ತೋರಿಸಿದ ಮೇಲೆ ಇದಕ್ಕೆ ದಾರಿಯಾಯಿತು. ಎಲೆಯಡಿಕೆ ಬಿಡದವರ ಬಾಯಲ್ಲಿ ಕಾಂಪೋಸಿಟ್ ಕೂಡ ಬೇಗ ಕಲೆಗಟ್ಟುತ್ತದೆ.

ಉಜ್ಜಿ ತೆಗೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅತಿಯಾದರೆ ತಣ್ಣೀರಿಗೂ ಹಲ್ಲು ಜುಮ್ಮೆನ್ನುತ್ತದೆ. ಮದುವೆ ಗೊತ್ತಾದ ಮೇಲೆ ಅವಸರದಲ್ಲಿ ಬರುವವರಿಗೆ ಇದನ್ನು ಮೊದಲೇ ಹೇಳಬೇಕು. ಉಬ್ಬುಹಲ್ಲಿಗೂ ತೀರಾ ಸೊಟ್ಟ ಹಲ್ಲಿಗೂ ಉಜ್ಜುವುದು ಮದ್ದಲ್ಲ, ಅವಕ್ಕೆ ತಂತಿಯೇ ಬೇಕು. ಅದು ಸಾಮಾನ್ಯವಾಗಿ ವರ್ಷ, ಎರಡು ವರ್ಷದ ಕೆಲಸ.