ಉಸಿರೇ ಯಂತ್ರವಾದ ಕತೆ

(ಬಾನುಲಿ ಭಾಷಣ)

ಆಸ್ತಮಾ ಎಂದು ಇಂದು ನಾವು ವ್ಯವಹರಿಸುವ ಬೇನೆಗೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಉಬ್ಬಸ, ಗೂರಲು, ದಮ್ಮು ಎಂದು ಒಂದೊಂದು ಸೀಮೆಗೆ ಒಂದೊಂದು ಮಾತು. ಹಳಗನ್ನಡದಲ್ಲಿ ‘ಉಬ್ಬಸ’ಕ್ಕೆ ಸಂಕಟ, ಬಳಲಿಕೆ ಎಂಬ ವಿಶಾಲವಾದ ಅರ್ಥವಿತ್ತು. ಆ ಮಾತು ಕಡೆಗೆ ಉಸಿರಿನ ಸಂಕಟವೊಂದಕ್ಕೇ ಮೀಸಲಾಗಿ ಉಳಿಯಿತೆಂದರೆ ಅದರ ತೀವ್ರತೆ ಎಂಥದೆಂಬುದನ್ನು ಊಹಿಸಬಹುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಇದನ್ನು ತಮಕಶ್ವಾಸವೆಂದು ಕರೆದು, ಮಲಗಿದರೆ ಹೆಚ್ಚುವುದನ್ನೂ ಕುಳಿತರೆ ಶಮನವಾಗುವುದನ್ನೂ ಮೋಡ ಕವಿದಾಗ, ತಣ್ಣನೆಯ ಗಾಳಿ ಬೀಸಿದಾಗ ಉಲ್ಬಣಿಸುವುದನ್ನೂ ಹೇಳುತ್ತದೆ. ದಿಂಬುಗಳನ್ನು ಪೇರಿಸಿ, ಒರಗಿ ಕುಳಿತೇ ಎಷ್ಟೋ ರಾತ್ರಿಗಳನ್ನು ಬೆಳಗು ಮಾಡಿದ ನನ್ನಂಥವನಿಗೆ ಆ ವರ್ಣನೆ ಇಂದಿಗೂ ಹಳತೆನಿಸುವುದಿಲ್ಲ.

ಉಸಿರಿನ ರೋಗಕ್ಕೆ ಉಸಿರಿನ ದಾರಿಯಲ್ಲೇ ಮದ್ದು ಕೊಡುವುದೂ ಹಳೆಯ ವಿದ್ಯೆಯೇ. ನಮ್ಮ ವೈದ್ಯರು ಔಷಧಿಯ ಬತ್ತಿಯ ಹೊಗೆ ಸೇದಿಸುತ್ತಿದ್ದರು. ಮದರಾಸಿನಲ್ಲಿ ದತ್ತೂರಿಯ ಹೊಗೆಯಿಂದ ಉಬ್ಬಸ ತಗ್ಗುವುದನ್ನು ಕಂಡ ಜನರಲ್ ಜೆಂಟ್ ಎಂಬ ಅಧಿಕಾರಿ 1802ರಲ್ಲಿ ಆ ಸುದ್ದಿಯನ್ನು ಬ್ರಿಟನ್ನಿಗೆ ಮುಟ್ಟಿಸಿದ. ಮುಂದೆ ನೂರು ವರ್ಷಕ್ಕೂ ಮೇಲ್ಪಟ್ಟು ಪಾಶ್ಚಾತ್ಯರು ದತ್ತೂರಿಯ ಸಿಗರೇಟನ್ನು ಔಷಧವೆಂದೇ ಸೇದಿದರು. ರೋಗಿಗೆ ಹೊಗೆ ಹಿತವಲ್ಲವೆಂಬ ವಿವೇಕ ಮೂಡಲು ಬಹಳ ಕಾಲ ಹಿಡಿಯಿತು.

1956ರಲ್ಲಿ, ಒತ್ತಿದರೆ ಔಷಧ ಚಿಮ್ಮುವ ಪುಟ್ಟ ಡಬ್ಬಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದರಲ್ಲಿ ಒಂದು ತೊಡಕಿತ್ತು. ಒತ್ತುವ ಗಳಿಗೆ, ಉಸಿರೆಳೆಯುವ ಗಳಿಗೆ ಎರಡೂ ಕೂಡಿಬರಬೇಕು. ಮಕ್ಕಳಿಗೂ ಮುದುಕರಿಗೂ ಇದು ಸುಲಭವಲ್ಲ. ಒಣಪುಡಿಯನ್ನೇ ಸೇದುವ ಸಾಧನಕ್ಕೆ ಲಂಡನ್ನಿನಲ್ಲಿ 1864ರಷ್ಟು ಹಿಂದೆಯೇ ಹಕ್ಕುಪತ್ರ ದೊರೆತಿದ್ದರೂ ಅದು ಸಫಲವಾದದ್ದು ರೋಜರ್ ಆಲ್ಟೂನಿಯನ್ ಎಂಬ ವೈದ್ಯನ ಕೈಯಲ್ಲಿ. ಈತ ಸಿರಿಯಾದ ಅಲೆಪ್ಪೋದಲ್ಲಿ ನೆಲೆಸಿದ್ದ ಮನೆತನದವನು, ಯುದ್ಧಕಾಲದ ವಿಮಾನ ಚಾಲಕ, ಸ್ವತಃ ಉಬ್ಬಸದ ರೋಗಿ. ಆರ್ಥರ್ ರ‍್ಯಾನ್ಸಮ್ 1930ರಲ್ಲಿ ಪ್ರಕಟಿಸಿದ ಪ್ರಸಿದ್ಧ ಮಕ್ಕಳ ಕಾದಂಬರಿ ‘ಸ್ವಾಲೋಸ್ ಅಂಡ್ ಅಮೆಜಾನ್ಸ್’ನಲ್ಲಿ ಬರುವ ರೋಜರ್ ಎಂಬ ಹುಡುಗನಿಗೆ ಈತನೇ ಮೂಲವೆಂಬುದನ್ನು ಸಾಹಿತ್ಯಪ್ರಿಯರು ಕುತೂಹಲದಿಂದ ಗಮನಿಸಬಹುದು. ತನಗೆ ತಾನೇ ಉಬ್ಬಸ ಬರಿಸಿಕೊಂಡು ಔಷಧಗಳನ್ನು ಪರೀಕ್ಷಿಸಿದ ಈ ಸಾಹಸಿ, 1960ರ ದಶಕದ ಕೊನೆಗೆ, ಒಳಗೆ ಪುಟ್ಟ ರೆಕ್ಕೆ ತಿರುಗುವ ‘ಸ್ಪಿನ್‌ಹೇಲರ್’ ಎಂಬ ಕೊಳವೆಯನ್ನು ರೂಪಿಸಿದ. 1977ರಲ್ಲಿ ‘ರೋಟಾಹೇಲರ್’ ಬಂದಿತು. ನಮ್ಮ ಔಷಧಿ ಅಂಗಡಿಗಳಲ್ಲಿ ಮನೆಮಾತಾಗಿರುವ ಹೆಸರು ಇದೇ.

ಈ ಪುಡಿಯ ಸಾಧನದಲ್ಲಿ ತಳ್ಳುವ ಅನಿಲವಿಲ್ಲ, ವಿದ್ಯುತ್ತಿಲ್ಲ. ಹಾಲಿನ ಸಕ್ಕರೆಯೊಡನೆ ಬೆರೆತ ಔಷಧದ ಕಣಗಳು ಐದು ಮೈಕ್ರಾನಿಗಿಂತ ಸಣ್ಣವಾಗಿ ಚದರಿದರೆ ಮಾತ್ರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಚದರಿಸಬೇಕಾದದ್ದು ರೋಗಿಯ ಉಸಿರೇ. ಮೊದಲು ಉಸಿರನ್ನು ಹೊರಗೆ ಬಿಟ್ಟು, ತುಟಿಗಳನ್ನು ಬಿಗಿಹಿಡಿದು, ಒಮ್ಮೆಲೇ ರಭಸದಿಂದ ಎಳೆದು, ಹತ್ತು ಸೆಕೆಂಡು ತಡೆಯಬೇಕು. ಕೊಳವೆಯೊಳಕ್ಕೇ ಉಸಿರು ಬಿಟ್ಟರೆ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಸ್ಟೀರಾಯ್ಡ್ ಔಷಧವಾದರೆ ಬಾಯಿ ಮುಕ್ಕಳಿಸಬೇಕು. ಹಿಂದಿನ ಮದ್ದುಗಳು ರೋಗಿಯ ಮೇಲೆ ಕೆಲಸ ಮಾಡಿದವು. ಇದು ರೋಗಿಯಿಂದ ಕೆಲಸವನ್ನು ಬೇಡುತ್ತದೆ. ಆದುದರಿಂದಲೇ ಇದನ್ನು ಕೊಟ್ಟರೆ ಸಾಲದು, ಕಲಿಸಬೇಕು.

ಕಲಿಸುವ ಅಗತ್ಯ ಬೆಂಗಳೂರಿನ ಹೊರವಲಯದಲ್ಲಿ ಇಂದು ಬಹಳವಾಗಿದೆ. 1882ರಲ್ಲಿ ಮೈಸೂರು ಅರಸರು ಆಂಗ್ಲೋ-ಇಂಡಿಯನ್ನರ ಬೇಸಾಯಕ್ಕೆಂದು ಕೊಟ್ಟ ಭೂಮಿ ವೈಟ್‌ಫೀಲ್ಡ್. ಕೋನಪ್ಪನ ಅಗ್ರಹಾರದ ಹೊಲಗಳ ಮೇಲೆ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೊಳೆಯಿತು. ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳು ಎದ್ದವು. ಲಾರಿಯ ಹೊಗೆ, ಕಟ್ಟಡದ ಧೂಳು, ವೆಲ್ಡಿಂಗಿನ ಆವಿ, ಖಾಲಿ ನಿವೇಶನಗಳ ಪಾರ್ಥೇನಿಯಂ ಇವೆಲ್ಲ ಸೇರಿದ್ದು ಅಲ್ಲಿನ ಗಾಳಿ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕವಿಟ್ಟಾಗ, 1979ರಲ್ಲಿ ಶೇಕಡ 9ರಷ್ಟಿದ್ದ ಆಸ್ತಮಾ 1999ರ ವೇಳೆಗೆ ಶೇಕಡ 29.5ಕ್ಕೆ ಏರಿತ್ತು. ಇದು ಇಡೀ ನಗರದ ಗಣತಿಯಲ್ಲವಾದರೂ ಅಲಕ್ಷಿಸುವ ಸಂಗತಿಯಲ್ಲ.

ಪೀಣ್ಯದ ಸಮೀಪದ ನಮ್ಮ ಬೀದಿಯಲ್ಲಿ ಲೇತ್ ಕೆಲಸದ ಯುವಕನೊಬ್ಬ ಈ ಪುಡಿಯ ಗುಳಿಗೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ನುಂಗುತ್ತಿದ್ದ. “ಮೇಷ್ಟ್ರೇ, ಸೇದಿದರೆ ಚಟವಾಗುತ್ತೆ ಅಂತಾರಲ್ಲ?” ಎಂದು ನನ್ನನ್ನು ಕೇಳಿದ. ಸಂಬಂಧ ತಪ್ಪೀತೆಂದು ಮಗಳ ಇನ್ಹೇಲರನ್ನು ಬೀರುವಿನಲ್ಲಿ ಬಚ್ಚಿಡುವ ತಾಯಂದಿರನ್ನೂ ನಾನು ಬಲ್ಲೆ. ಕನ್ನಡಕವನ್ನು ಚಟವೆಂದು ಯಾರೂ ಕರೆಯುವುದಿಲ್ಲ. ಇದಕ್ಕೇಕೆ ಆ ಅಪವಾದ? ಉಬ್ಬಸದಿಂದ ಜನ ಸಾಯುವುದೂ ಉಂಟೆಂಬುದನ್ನು ಮರೆತ ಸಂಕೋಚವಿದು. ತೀವ್ರವಾಗಿ ಕಟ್ಟಿದ ಉಸಿರು ಪುಡಿಯನ್ನೆಳೆಯಲು ಸಾಲದು. ಆಗ ಆಸ್ಪತ್ರೆಯೇ ಗತಿ. ಆ ಗಳಿಗೆ ಬಾರದಂತೆ ನೋಡಿಕೊಳ್ಳುವುದು ವೈದ್ಯರು ಹೇಳಿದ ಮೇರೆಗೆ ದಿನವೂ ನಡೆಸುವ ಸಾಧನೆ.

ಗಾಳಿಯನ್ನು ಶುದ್ಧಗೊಳಿಸುವ ಹೊಣೆ ಸಮಾಜದ್ದು. ರೋಗಿಯ ಪುಡಿ ಅದಕ್ಕೆ ಬದಲಿಯಾಗಲಾರದು. ಆದರೆ ಗಾಳಿ ತಿಳಿಯಾಗುವವರೆಗೆ ಉಸಿರು ಕಾಯುತ್ತ ಕೂರುವಂತಿಲ್ಲ. ಅಂಗೈಯಗಲದ ಆ ಕೊಳವೆಯನ್ನು ನಾಲ್ಕು ಜನರೆದುರು ನಾಚದೆ ಹೊರತೆಗೆಯುವ ಧೈರ್ಯವನ್ನು ನಮ್ಮ ಮಕ್ಕಳಿಗೆ ಕೊಡುವುದು ಮನೆಯವರಾದ ನಮ್ಮ ಕೆಲಸ.