ಟೊರೆನ್ಸ್ ಸಾಹೇಬರ ಪುಸ್ತಕ ಮತ್ತು ವಕೀಲರ ಹೊಟ್ಟೆಪಾಡು

ಅಪ್ಪ ಒಂದು ಸೈಟು ಕೊಳ್ಳಬೇಕು ಅಂತ ಓಡಾಡುತ್ತಿದ್ದಾರೆ. ಅಡ್ವಾನ್ಸ್ ಕೊಡುವ ಮುಂಚೆ ಕಾಗದಪತ್ರ ತೋರಿಸೋಣ ಅಂತ ಹೋದ ತಿಂಗಳು ಒಂದು ಶನಿವಾರ ಇಬ್ಬರೂ ವಕೀಲರ ಹತ್ತಿರ ಹೋಗಿದ್ದೆವು. ಕ್ರಯಪತ್ರ, ಅದರ ಹಿಂದಿನ ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಪಹಣಿ, ಇ.ಸಿ., ವಂಶವೃಕ್ಷ... ಜೆರಾಕ್ಸ್ ಎಲ್ಲಾ ಸೇರಿ ಒಂದು ಕೇಜಿಯಾದರೂ ಇತ್ತು. ವಕೀಲರು ಒಂದೊಂದೇ ಹಾಳೆ ತಿರುವಿ ಹಾಕಿ, ಕನ್ನಡಕ ಹಣೆಗೇರಿಸಿ, "ಇಷ್ಟೇನಾ? ಇದರ ಹಿಂದಿಂದು ಎಲ್ಲಿ?" ಅಂದರು.

ಅದೇ ವಾರ ಮೆಲ್ಬರ್ನ್‌ನಲ್ಲಿರುವ ನನ್ನ ಕಾಲೇಜು ಗೆಳೆಯ ಚಾಟ್‌ನಲ್ಲಿ ಸಿಕ್ಕಿದ್ದ. ಮನೆ ತಗೊಂಡೆ ಅಂದ. ರಿಜಿಸ್ಟ್ರೇಷನ್‌ಗೆ ರಜೆ ಹಾಕಿದ್ಯಾ ಅಂತ ಕೇಳಿದೆ. "ಯಾವ ರಜೆ ಮಾರಾಯ? ಮೀಟಿಂಗಲ್ಲಿ ಕೂತಿದ್ದೆ. ಮಧ್ಯಾಹ್ನ ಲಾಯರ್ ಮೆಸೇಜ್ ಹಾಕಿದ್ರು, ಆಯ್ತು ಅಂತ. ಸಂಜೆ ಹೋಗಿ ಬೀಗದ ಕೈ ಇಸ್ಕೊಂಡೆ."

ನನಗೆ ಮೊದಲು ಬಂದ ಯೋಚನೆ: ಎಲ್ಲಾ ಕಂಪ್ಯೂಟರೇ ಮಾಡುವುದಾದರೆ ಆ ಲಾಯರ್‌ಗೆ ಇವನು ದುಡ್ಡು ಕೊಟ್ಟದ್ದು ಯಾತಕ್ಕೆ? ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಇಂಥ ಪ್ರಶ್ನೆ ಬೇಗ ಬರುತ್ತದೆ, ಜೊತೆಗೆ ಸ್ವಲ್ಪ ಜಂಭವೂ ಬರುತ್ತದೆ. ಉತ್ತರ ಹುಡುಕುತ್ತಾ ಹೋದವನು 1858ಕ್ಕೆ ಹೋಗಿ ಬಿದ್ದೆ. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲೇ ಆಸ್ಟ್ರೇಲಿಯಾದ ವಕೀಲರು ಇದೇ ಪರೀಕ್ಷೆಗೆ ಒಮ್ಮೆ ಕೂತು ಫೇಲಾಗಿದ್ದರು.

ಆಗ ಸೌತ್ ಆಸ್ಟ್ರೇಲಿಯಾ ಬ್ರಿಟಿಷರ ಒಂದು ವಸಾಹತು, ಅಡಿಲೇಡ್ ಅದರ ರಾಜಧಾನಿ. ಜಮೀನಿನ ವ್ಯವಹಾರವೆಲ್ಲಾ ಇಂಗ್ಲೆಂಡಿನ ಪದ್ಧತಿ. ಅಂದರೆ ಮಾರುವವನು ತನ್ನ ಹಕ್ಕು ತೋರಿಸಲು ಹಿಂದಿನ ಪತ್ರಗಳ ಸರಪಳಿಯನ್ನೇ ತಂದಿಡಬೇಕು. ಕೊಳ್ಳುವವನ ವಕೀಲ ಅದರ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಬೇಕು. ಮುಂದೆ ಇವನು ಮಾರುವಾಗ ಇನ್ನೊಬ್ಬ ವಕೀಲ ಮತ್ತೆ ಮೊದಲಿನಿಂದ ಅದನ್ನೇ ಓದಬೇಕು. ಒಂದು ಕೊಂಡಿ ಕಳೆದರೆ ಇಡೀ ಸರಪಳಿಯೇ ಅನುಮಾನ. ಇಂಗ್ಲಿಷ್ ಪದ್ಧತಿಯಲ್ಲಿ ಪತ್ರದ ಉದ್ದ ನೋಡಿ ಫೀಸು ಲೆಕ್ಕ ಹಾಕುತ್ತಿದ್ದರಿಂದ ಪತ್ರಗಳೂ ಹನುಮಂತನ ಬಾಲ. (ಕೋಡಿನ ಸಾಲು ಎಣಿಸಿ ಸಂಬಳ ಕೊಟ್ಟರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ :-))

ಅಲ್ಲಿಗೆ ಬಂದವನು ರಾಬರ್ಟ್ ರಿಚರ್ಡ್ ಟೊರೆನ್ಸ್. ಐರ್ಲೆಂಡಿನವನು, 1840ರಲ್ಲಿ ಬಂದು ಬಂದರಿನ ಸುಂಕದ ಅಧಿಕಾರಿಯಾದ. ವಕೀಲನಲ್ಲ! ಆದರೆ ಸುಂಕದ ಕಟ್ಟೆಯಲ್ಲಿ ಕೂತವನು ಒಂದು ವಿಷಯ ನೋಡಿದ್ದ. ಹಡಗು ಜಮೀನಿಗಿಂತ ಬೆಲೆಬಾಳುವ ವಸ್ತು, ಸಮುದ್ರದ ಮೇಲೆ ಎಲ್ಲೆಲ್ಲೋ ಇರುತ್ತದೆ. ಆದರೂ ಹಡಗು ಯಾರದ್ದು ಅನ್ನುವುದಕ್ಕೆ ಸರ್ಕಾರದ ಪುಸ್ತಕದಲ್ಲಿ ಒಂದು ನಮೂದು ಸಾಕು. ಮಾರಿದರೆ ಆ ನಮೂದು ಬದಲಾಗುತ್ತದೆ, ಅಷ್ಟೆ. ಜಮೀನಿಗೆ ಯಾಕೆ ಹೀಗೆ ಮಾಡಬಾರದು? ಹ್ಯಾಂಬರ್ಗಿನಿಂದ ಬಂದಿದ್ದ ಉಲ್ರಿಚ್ ಹ್ಯೂಬೆ ಎಂಬ ಕಾನೂನು ಪಂಡಿತ ತನ್ನೂರಿನ ಭೂ ನೋಂದಣಿಯ ಅನುಭವ ಸೇರಿಸಿದ. ಅವನಿಗೆ ಎಷ್ಟು ಶ್ರೇಯಸ್ಸು ಸಲ್ಲಬೇಕು ಅನ್ನುವ ಜಗಳ ಇವತ್ತಿಗೂ ಇದೆ. ಹೆಸರು ಮಾತ್ರ ಟೊರೆನ್ಸ್‌ಗೆ ಉಳಿಯಿತು. (ಅಡಿಲೇಡಿನ ಟೊರೆನ್ಸ್ ನದಿ ಇವನ ಹೆಸರಿನದ್ದಲ್ಲ, ಇವನ ಅಪ್ಪನ ಹೆಸರಿನದ್ದು.)

1857ರಲ್ಲಿ ಇದೇ ವಿಷಯ ಹಿಡಿದು ಚುನಾವಣೆ ಗೆದ್ದ, ಒಂದೇ ತಿಂಗಳ ಮಟ್ಟಿಗೆ ಪ್ರೀಮಿಯರ್ ಕೂಡ ಆದ. 1858ರ ಜನವರಿಯಲ್ಲಿ ಅವನ ಕಾಯಿದೆ ಪಾಸಾಯಿತು, ಜುಲೈ 1ರಿಂದ ಜಾರಿ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಹಳೇ ಪದ್ಧತಿಯಲ್ಲಿ ಇಡೀ ಲಾಗ್ ಫೈಲ್ ಓದಿ ಈಗಿನ ಮಾಲೀಕ ಯಾರು ಅಂತ ಲೆಕ್ಕ ಹಾಕಬೇಕಿತ್ತು. ಟೊರೆನ್ಸ್ ಪದ್ಧತಿಯಲ್ಲಿ ಟೇಬಲ್ಲಿನ ಒಂದು ಸಾಲು ನೋಡಿದರೆ ಮುಗಿಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಸಾಲು ಸರಿ ಅಂತ ಸರ್ಕಾರವೇ ಖಾತ್ರಿ ಕೊಡುತ್ತದೆ. ರಿಜಿಸ್ಟರಿನ ದೆಸೆಯಿಂದ ಅಮಾಯಕನೊಬ್ಬ ಜಮೀನು ಕಳೆದುಕೊಂಡರೆ ಅವನಿಗೆ ಪರಿಹಾರ ಕೊಡಲು ಒಂದು ನಿಧಿಯೂ ಇರುತ್ತದೆ.

ಈಗ ವಕೀಲರ ವಿಷಯಕ್ಕೆ ಬರೋಣ. ಕೆಲವರನ್ನು ಬಿಟ್ಟರೆ ಅಡಿಲೇಡಿನ ವಕೀಲರು ಕಾಯಿದೆಯನ್ನು ಕಣ್ಣೆತ್ತಿ ನೋಡಲಿಲ್ಲ. ಕಕ್ಷಿದಾರರಿಗೆ ಹಳೇ ಪದ್ಧತಿಯೇ ಒಳ್ಳೆಯದೆಂದರು. ಸುಪ್ರೀಂ ಕೋರ್ಟಿನಲ್ಲಿ ಬೆಂಜಮಿನ್ ಬೂತ್‌ಬೀ ಅಂತ ಒಬ್ಬ ಜಡ್ಜ್ ಇದ್ದ. ಇಂಗ್ಲೆಂಡಿನ ಕಾನೂನಿಗೆ ಹೊಂದದ ವಸಾಹತಿನ ಕಾಯಿದೆ ಅವನ ಪ್ರಕಾರ ಕಾಯಿದೆಯೇ ಅಲ್ಲ. ಟೊರೆನ್ಸ್ ಕಾಯಿದೆಯನ್ನೂ ಅಸಿಂಧು ಅಂದುಬಿಟ್ಟ. ಅವನ ಕಾಟ ಎಷ್ಟಾಯಿತೆಂದರೆ 1865ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ ವಸಾಹತುಗಳ ಶಾಸನಗಳನ್ನು ಊರ್ಜಿತಗೊಳಿಸುವ ಒಂದು ಕಾಯಿದೆ ತರಬೇಕಾಯಿತು. 1867ರಲ್ಲಿ ಬೂತ್‌ಬೀಯನ್ನು ಹುದ್ದೆಯಿಂದ ತೆಗೆದರು.

ಆದರೆ ನನಗೆ ಕುತೂಹಲ ಹುಟ್ಟಿಸಿದ್ದು ಜಡ್ಜ್ ಅಲ್ಲ. ವಕೀಲರು ಕೈ ಹಾಕದಿದ್ದರೆ ಅರ್ಜಿ ಬರೆಯುವವರು ಯಾರು? 1860ರ ದಶಕದ ಶುರುವಿನಲ್ಲಿ ಸರ್ಕಾರ ವಕೀಲರಲ್ಲದವರಿಗೇ ಲೈಸೆನ್ಸ್ ಕೊಟ್ಟಿತು. 'ಲ್ಯಾಂಡ್ ಬ್ರೋಕರ್' ಅಂತ ಹೆಸರು. ಫಾರಂ ಸರಳ, ಫೀಸು ಕಡಿಮೆ. ಜನ ಅವರ ಹತ್ತಿರವೇ ಹೋದರು, ಮತ್ತೆ ವಾಪಸ್ ಬರಲಿಲ್ಲ. ಇವತ್ತಿಗೂ ಆ ರಾಜ್ಯದಲ್ಲಿ ಮನೆ ಕ್ರಯದ ಕೆಲಸ ಹೆಚ್ಚಾಗಿ ನಡೆಯುವುದು ಆ ಬ್ರೋಕರುಗಳ ಉತ್ತರಾಧಿಕಾರಿಗಳಾದ ಕನ್ವೇಯನ್ಸರ್‌ಗಳ ಕೈಯಲ್ಲಿ. ಪಕ್ಕದ ವಿಕ್ಟೋರಿಯ ಮತ್ತು ನ್ಯೂ ಸೌತ್ ವೇಲ್ಸ್ 1862ರಲ್ಲಿ ಟೊರೆನ್ಸ್ ಪದ್ಧತಿಯನ್ನು ತಂದವು. ಅಲ್ಲಿನ ವಕೀಲರು ಅಷ್ಟು ಹಟ ಮಾಡದೆ ಫಾರಂ ಕಲಿತರು. ನ್ಯೂ ಸೌತ್ ವೇಲ್ಸ್‌ನಲ್ಲಿ 1992ರ ಕಾಯಿದೆ ಬರುವ ತನಕ ಈ ಕೆಲಸ ಅವರದ್ದೇ ಆಗಿತ್ತು. ಒಂದೇ ಪದ್ಧತಿ, ಒಂದೇ ಕಾಲ, ಎರಡು ಹಣೆಬರಹ!

ಪುಸ್ತಕದಿಂದ ಕಂಪ್ಯೂಟರಿಗೆ ಹೋಗಲು ಮುಂದೆ ಒಂದೂವರೆ ಶತಮಾನ ಬೇಕಾಯಿತು. ಆ ತನಕ ಕ್ರಯ ಮುಗಿಯುತ್ತಿದ್ದದ್ದು ಹೀಗೆ: ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಎರಡೂ ಕಡೆ ವಕೀಲರ ಗುಮಾಸ್ತರು, ಮಾರುವವನ ಬ್ಯಾಂಕಿನವರು, ಕೊಳ್ಳುವವನ ಬ್ಯಾಂಕಿನವರು ಒಂದು ಕೋಣೆಯಲ್ಲಿ ಸೇರಬೇಕು. ಈ ಕೈಯಲ್ಲಿ ಬ್ಯಾಂಕ್ ಚೆಕ್, ಆ ಕೈಯಲ್ಲಿ ಹಕ್ಕುಪತ್ರ. ಚೆಕ್ಕಿನ ಮೊತ್ತ ತಪ್ಪಿದ್ದರೆ ಎಲ್ಲರೂ ವಾಪಸ್. ಸಾಮಾನು ಲಾರಿಗೆ ತುಂಬಿಸಿಕೊಂಡು ಹೊಸ ಮನೆ ಮುಂದೆ ನಿಂತವನ ಗತಿ ದೇವರೇ ಬಲ್ಲ. ಹಳ್ಳಿ ಕಡೆಯ ವಕೀಲರು ಇದಕ್ಕೆಂದೇ ಪಟ್ಟಣದಲ್ಲಿ ಏಜೆಂಟರನ್ನು ಇಟ್ಟುಕೊಳ್ಳುತ್ತಿದ್ದರು.

ಮೊದಲು ವಿಕ್ಟೋರಿಯ ಒಂದೇ ಸ್ವಂತ ವ್ಯವಸ್ಥೆ ಕಟ್ಟಿ ನೋಡಿತು, ಅದು ಹೆಚ್ಚು ನಡೆಯಲಿಲ್ಲ. ಬ್ಯಾಂಕುಗಳು ದೇಶದ ತುಂಬಾ ಇರುವಾಗ ರಾಜ್ಯಕ್ಕೊಂದು ಸಾಫ್ಟ್‌ವೇರ್ ಯಾರಿಗೆ ಬೇಕು? ಆಮೇಲೆ ರಾಜ್ಯಗಳು ಸೇರಿ ಒಂದು ಕಂಪನಿ ಮಾಡಿದವು, ಅದೇ ಪೆಕ್ಸಾ. 2012ರಲ್ಲಿ ಕಾನೂನು, 2013ರಲ್ಲಿ ಮೊದಲ ದಾಖಲೆ, 2014ರಲ್ಲಿ ಹಣವೂ ಸೇರಿದ ಪೂರ್ತಿ ಕ್ರಯ. 2018-19ರ ಹೊತ್ತಿಗೆ ಎರಡು ದೊಡ್ಡ ರಾಜ್ಯಗಳಲ್ಲಿ ಇದು ಕಡ್ಡಾಯವಾಯಿತು. 2021ರ ಅಕ್ಟೋಬರ್ 11ರಂದು ನ್ಯೂ ಸೌತ್ ವೇಲ್ಸ್ ಕಾಗದದ ಹಕ್ಕುಪತ್ರವನ್ನೇ ರದ್ದು ಮಾಡಿತು. ಬೀರುವಿನಲ್ಲಿ ಜೋಪಾನ ಮಾಡಿಟ್ಟ ಪತ್ರ ಅವತ್ತಿನಿಂದ ನೆನಪಿಗೆ ಇಟ್ಟುಕೊಳ್ಳುವ ಹಾಳೆ ಮಾತ್ರ.

ಈ ಸಲ ವಕೀಲರು ಹೊಂದಿಕೊಂಡರು. ಸಾಫ್ಟ್‌ವೇರ್ ಕಲಿತರು ಅಂದರೆ ಅದು ಚಿಕ್ಕ ವಿಷಯ, ಅದನ್ನು ಒಂದು ವಾರದಲ್ಲಿ ಯಾರಾದರೂ ಕಲಿಯಬಹುದು. ನಿಜವಾಗಿ ಬದಲಾದದ್ದು ಸಹಿ. ಕಕ್ಷಿದಾರ ಇಲ್ಲಿ ಪತ್ರಕ್ಕೆ ಸಹಿಯೇ ಹಾಕುವುದಿಲ್ಲ! ಅವನು ವಕೀಲನಿಗೆ ಒಂದು ಅಧಿಕಾರಪತ್ರ ಕೊಡುತ್ತಾನೆ; ಅವನ ಪರವಾಗಿ ಡಿಜಿಟಲ್ ಸಹಿ ಹಾಕುವವನು ವಕೀಲ ಅಥವಾ ಕನ್ವೇಯನ್ಸರ್. ಹಾಗಾಗಿ ಎದುರು ಕೂತವನು ನಿಜಕ್ಕೂ ಮಾಲೀಕನೇ, ಅವನ ಗುರುತಿನ ಚೀಟಿ ಅಸಲಿಯೇ ಅಂತ ನೋಡುವುದು ಇವರ ತಲೆಗೇ ಬಂತು. ನೋಡಿದ್ದಕ್ಕೆ ಸಾಕ್ಷಿಯನ್ನು ಏಳು ವರ್ಷ ಇಟ್ಟುಕೊಳ್ಳಬೇಕು, ವಿಮೆ ಮಾಡಿಸಿರಬೇಕು. ಮೊದಲು ಕಾಗದ ಓದುವುದಕ್ಕೆ ಫೀಸು. ಈಗ ತಪ್ಪಾದರೆ ತಲೆ ಕೊಡುವುದಕ್ಕೆ ಫೀಸು. ನನ್ನ ಗೆಳೆಯ ದುಡ್ಡು ಕೊಟ್ಟದ್ದು ಇದಕ್ಕೇ.

ಇದು ಬರೀ ಮಾತಲ್ಲ ಅಂತ ಗೊತ್ತಾದದ್ದು 2018ರಲ್ಲಿ. ಮೆಲ್ಬರ್ನ್‌ನ ಒಂದು ಕುಟುಂಬ ಮನೆ ಮಾರಿತು. ಅವರ ಕನ್ವೇಯನ್ಸರ್‌ನ ಈಮೇಲಿಗೆ ಯಾರೋ ಕಳ್ಳರು ನುಗ್ಗಿದ್ದರು. ಪಾಸ್‌ವರ್ಡ್ ಮರೆತೆ ಅಂತ ಒತ್ತಿ, ಬಂದ ಈಮೇಲ್ ಹಿಡಿದು, ಪೆಕ್ಸಾದ ಒಳಗೆ ಹೊಸ ಬಳಕೆದಾರನನ್ನು ಸೃಷ್ಟಿಸಿ, ಹಣ ಹೋಗಬೇಕಿದ್ದ ಖಾತೆಯ ಸಂಖ್ಯೆ ಬದಲಿಸಿದರು. ಸುಮಾರು ಎರಡೂವರೆ ಲಕ್ಷ ಡಾಲರ್ ಕಳ್ಳರ ಖಾತೆಗೆ ಹೋಯಿತು. ಜಮೀನಿನ ರಿಜಿಸ್ಟರಿಗೆ ಏನೂ ಆಗಲಿಲ್ಲ ನೋಡಿ, ಟೊರೆನ್ಸ್ ಸಾಹೇಬನ ಪುಸ್ತಕ ಭದ್ರವಾಗೇ ಇತ್ತು. ತೂತು ಇದ್ದದ್ದು ಚಿಕ್ಕ ಆಫೀಸಿನ ಈಮೇಲಿನಲ್ಲಿ. ಇದನ್ನು ಓದಿದಾಗ ನನ್ನ ಬೆನ್ನಲ್ಲಿ ಚಳಿ ಹುಟ್ಟಿತು. ಅಂಥ ಪಾಸ್‌ವರ್ಡ್ ಪುಟಗಳನ್ನು ನಾನೇ ಎಷ್ಟು ಬರೆದಿಲ್ಲ! ಆಮೇಲೆ ಲಾಗಿನ್ ಬಿಗಿಯಾಯಿತು, ಮನೆ ಮಾರುವವರಿಗೆ ಪೆಕ್ಸಾ ಒಂದು ಗ್ಯಾರಂಟಿ ತಂದಿತು. ಬುದ್ಧಿವಂತ ಆಫೀಸುಗಳು ಖಾತೆ ಸಂಖ್ಯೆಯನ್ನು ಈಮೇಲಿನಲ್ಲಿ ನಂಬುವುದು ಬಿಟ್ಟು, ಕಕ್ಷಿದಾರನಿಗೆ ಫೋನ್ ಮಾಡಿ ಒಂದೊಂದೇ ಅಂಕಿ ಓದಿಸಿ ಹೋಲಿಸುವ ಅಭ್ಯಾಸ ಮಾಡಿಕೊಂಡವು. ಇಷ್ಟೆಲ್ಲಾ ತಂತ್ರಜ್ಞಾನ ಬಂದು ಕೊನೆಗೆ ಕಾಪಾಡಿದ್ದು ಒಂದು ಫೋನ್ ಕಾಲ್.

ನಮ್ಮಲ್ಲೂ ಕಂಪ್ಯೂಟರ್ ಬಂದಿಲ್ಲವೇ ಅಂತ ನೀವು ಕೇಳಬಹುದು. ಬಂದಿದೆ, ಬೇಗನೇ ಬಂದಿದೆ. ಪಹಣಿಗೆ 'ಭೂಮಿ' ಬಂದದ್ದು 2000ದ ಸುಮಾರಿಗೆ. ಸಬ್ ರಿಜಿಸ್ಟ್ರಾರ್ ಆಫೀಸುಗಳಿಗೆ 'ಕಾವೇರಿ' 2003ರಲ್ಲಿ, 'ಕಾವೇರಿ 2.0' 2023ರಲ್ಲಿ. ಪತ್ರದ ವಿವರ ಮನೆಯಿಂದಲೇ ತುಂಬಿ, ಶುಲ್ಕ ಕಟ್ಟಿ, ಸಮಯ ನಿಗದಿ ಮಾಡಿಕೊಂಡು ಹೋದರೆ ಆಯಿತು. ಆದರೆ 1908ರ ನೋಂದಣಿ ಕಾಯಿದೆಯ ಪ್ರಕಾರ ನಮ್ಮಲ್ಲಿ ನೋಂದಣಿಯಾಗುವುದು ಪತ್ರ, ಹಕ್ಕಲ್ಲ. ಮಾರುವವನಿಗೆ ಮಾರುವ ಹಕ್ಕಿತ್ತು ಅಂತ ಸಬ್ ರಿಜಿಸ್ಟ್ರಾರ್ ಖಾತ್ರಿ ಕೊಡುವುದಿಲ್ಲ. ಟೊರೆನ್ಸ್ ಮಾದರಿ ಬೇಕು ಅಂತ ಡಿ.ಸಿ. ವಾಧ್ವಾ 1989ರಲ್ಲೇ ಯೋಜನಾ ಆಯೋಗಕ್ಕೆ ವರದಿ ಕೊಟ್ಟಿದ್ದರು. ಅಂದರೆ ಆಸ್ಟ್ರೇಲಿಯಾದವರು ಪುಸ್ತಕವನ್ನು ಸರಿಮಾಡಿ 150 ವರ್ಷ ಆದ ಮೇಲೆ ಕಂಪ್ಯೂಟರಿಗೆ ಹಾಕಿದರು. ನಾವು 1858ಕ್ಕಿಂತ ಹಿಂದಿನ ಸರಪಳಿಯನ್ನೇ ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೇವೆ. ನಮ್ಮ ವಕೀಲರು ಕಂಪ್ಯೂಟರಿಗೆ ಹೆದರಬೇಕಾದ ಕಾಲ ಇನ್ನೂ ಬಂದಿಲ್ಲ ಅನ್ನುವುದು ನನ್ನ ಅನಿಸಿಕೆ. ಬಾಂಡ್ ರೈಟರುಗಳ ಮಾತು ಬೇರೆ, ಅವರ ಕೆಲಸ ಈಗಾಗಲೇ ಅರ್ಧ ಡೇಟಾ ಎಂಟ್ರಿಯಾಗಿದೆ.

ಅಪ್ಪನ ಸೈಟಿನ ಕಥೆ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ತೆಗೆಸಿದ ಇ.ಸಿ.ಯಲ್ಲಿ ಏನೂ ತಕರಾರಿಲ್ಲ. ಆದರೆ ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದ್ದು. ಎರಡು ವಾರ ಬಿಟ್ಟು ವಕೀಲರು ಮತ್ತೆ ಕರೆದರು. ಮೇಜಿನ ಮೇಲೆ ಎರಡು ಹಾಳೆ ಅಕ್ಕಪಕ್ಕ ಇಟ್ಟಿದ್ದರು: ಒಂದು, ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು 1979ರಲ್ಲಿ ಮಾಡಿಕೊಂಡ ವಿಭಾಗಪತ್ರ, ಇನ್ನೊಂದು ಆ ಮನೆತನದ ವಂಶವೃಕ್ಷ. ವಂಶವೃಕ್ಷದಲ್ಲಿ ಒಬ್ಬ ಮಗಳಿದ್ದಾಳೆ. ವಿಭಾಗಪತ್ರದಲ್ಲಿ ಅವಳ ಹೆಸರೂ ಇಲ್ಲ, ಸಹಿಯೂ ಇಲ್ಲ.

"ಈಯಮ್ಮ ಇದ್ದಾರೋ ಇಲ್ಲವೋ, ಮಕ್ಕಳು ಎಲ್ಲಿದ್ದಾರೆ ಅಂತ ಮೊದಲು ನೋಡಿ ಸ್ವಾಮಿ. ಅಡ್ವಾನ್ಸ್ ಕೊಟ್ಟೀರಾ ಮತ್ತೆ!" ಅಂದರು. ಅಪ್ಪ ನಾಳಿದ್ದು ಅರಸೀಕೆರೆ ಕಡೆ ಹೊರಟಿದ್ದಾರೆ, ಆಕೆಯನ್ನು ಅಲ್ಲೇ ಎಲ್ಲೋ ಮದುವೆ ಮಾಡಿ ಕೊಟ್ಟಿದ್ದಂತೆ.